ಮ್ಯೂನಿಕ್ ಆಫರ್ ಬಂದಿದೆ, ಹೋಗ್ಲಾ ಬೇಡ್ವಾ?

ಪ್ರಶ್ನೆ: ನಮ್ಮೂರು ಸೋಮವಾರಪೇಟೆ ಹತ್ರ, ಅಪ್ಪ ಅಮ್ಮ ಕಾಫಿ ತೋಟ ನೋಡ್ಕೊಂಡಿದ್ದಾರೆ. ನಾನು ಬೆಂಗಳೂರಲ್ಲಿ ಸಾಫ್ಟ್‌ವೇರ್, ಸಿಟಿಸಿ 32 ಲಕ್ಷ, ಹೆಂಡ್ತಿ ಟೀಚರ್, 3 ವರ್ಷದ ಮಗಳಿದ್ದಾಳೆ. ಮ್ಯೂನಿಕ್‌ನಿಂದ ವರ್ಷಕ್ಕೆ 65,000 ಯೂರೋ ಆಫರ್. ಯೂರೋಗೆ 100 ರೂಪಾಯಿ ಹಿಡಿದ್ರೂ ಡಬಲ್ ಆಯ್ತು, ನಾಲ್ಕೈದು ವರ್ಷ ದುಡಿದು ಪಕ್ಕದ ಎರಡೆಕರೆ ತೋಟ ತಗೊಳ್ಳೋ ಆಸೆ. ಹೋಗ್ಲಾ?

ಉತ್ತರ: ಮೊದಲು ಡಬಲ್ ಅನ್ನೋ ಲೆಕ್ಕ ಬಿಟ್ಬಿಡಿ. 65,000 ಅಂದ್ರೆ ತಿಂಗಳಿಗೆ 5,400 ಚಿಲ್ಲರೆ ಯೂರೋ, ಅದರಲ್ಲಿ ಪೆನ್ಷನ್, ಹೆಲ್ತ್ ಇನ್ಶೂರೆನ್ಸ್ ಅಂತ ಐದನೇ ಒಂದು ಭಾಗ ಮೊದಲೇ ಹೋಗತ್ತೆ, ಆಮೇಲೆ ಟ್ಯಾಕ್ಸು. ಹೆಂಡ್ತಿಗೆ ಅಲ್ಲಿ ಸಂಬಳ ಇಲ್ಲ ಅಂದ್ರೆ ನೀವು ಟ್ಯಾಕ್ಸ್ ಕ್ಲಾಸ್ 3 (ಮದುವೆಯಾದವರಿಗೆ ಸಂಬಳದಲ್ಲಿ ಕಮ್ಮಿ ಟ್ಯಾಕ್ಸ್ ಹಿಡಿಯೋ ವರ್ಗ) ತಗೋಬಹುದು, ಆಗ ಕೈಗೆ ಅಂದಾಜು 3,750 ಬರತ್ತೆ, ಮಗಳಿಗೆ ಸರ್ಕಾರ ಕೊಡೋ ಕಿಂಡರ್‌ಗೆಲ್ಡ್ 255 (2025ರ ರೇಟು) ಸೇರಿಸಿದ್ರೆ 4,000. ಜರ್ಮನಿಯಲ್ಲೇ ಬಾಡಿಗೆ ದುಬಾರಿ ಇರೋ ಊರು ಅದು, ಎರಡು ಬೆಡ್‌ರೂಮಿಗೆ ಹೀಟಿಂಗ್ ಎಲ್ಲ ಸೇರಿ 1,800 ಅಂತ ಇಟ್ಕೊಳ್ಳಿ, ಊಟ ಓಡಾಟ ಕಳೆದು 1,000 ಉಳಿದ್ರೆ ದೊಡ್ಡದು, ಅಂದ್ರೆ ಲಕ್ಷ ರೂಪಾಯಿ. ನೀವಿಬ್ರೂ ದುಡಿಯೋದ್ರಿಂದ ಬೆಂಗಳೂರಲ್ಲೇ ಹತ್ತಿರತ್ತಿರ ಅಷ್ಟು ಉಳಿಸಬಹುದಲ್ವಾ? ಬ್ಲೂ ಕಾರ್ಡ್ (ಹೊರದೇಶದ ನುರಿತ ಕೆಲಸಗಾರರಿಗೆ ಕೊಡೋ ಪರ್ಮಿಟ್) ಇದ್ದವರ ಹೆಂಡ್ತಿಗೆ ಕೆಲಸ ಮಾಡೋಕೆ ಪರ್ಮಿಷನ್ ಏನೋ ತಕ್ಷಣ ಸಿಗತ್ತೆ, ಆದ್ರೆ ಅಲ್ಲಿನ ಸ್ಕೂಲಲ್ಲಿ ಟೀಚರ್ ಆಗೋಕೆ ಜರ್ಮನ್ ಚೆನ್ನಾಗಿ ಬರಬೇಕು, ಅದಕ್ಕೆ ವರ್ಷಗಳೇ ಬೇಕು. ಇದನ್ನ ಅವರ ಹತ್ರ ಕೂತು ಮಾತಾಡಿ, ಕೆಲಸ ಬಿಡ್ತಿರೋದು ಅವರು.

ಹಾಗಂತ ಹೋಗ್ಬೇಡಿ ಅಂತ ನಾನು ಹೇಳ್ತಿಲ್ಲ. ಅಲ್ಲಿ ಸಿಗೋದು ಟೈಮು. ವಾರಕ್ಕೆ ಐದು ದಿನ ಕೆಲಸ ಇದ್ರೆ ಕಾನೂನಲ್ಲೇ ವರ್ಷಕ್ಕೆ 20 ದಿನ ರಜೆ, ಐಟಿಯಲ್ಲಿ 30 ಕೊಡೋ ಕಂಪನಿಗಳು ಬೇಕಾದಷ್ಟಿವೆ, ಹುಷಾರಿಲ್ಲ ಅಂದ್ರೆ ಆರು ವಾರದವರೆಗೆ ಪೂರ್ತಿ ಸಂಬಳ, ಆ ದಿನಗಳನ್ನ ರಜೆಯಲ್ಲಿ ಹಿಡಿಯಲ್ಲ. ಡಿಸೆಂಬರ್‌ನಲ್ಲಿ ಹಣ್ಣು ಕುಯ್ಯೋ ಟೈಮಿಗೆ ಮೂರು ವಾರ ಬಂದು ಅಪ್ಪನ ಜೊತೆ ಕಣದಲ್ಲಿ ನಿಲ್ಲಬಹುದು. ಮಗಳ ಸರ್ಕಾರಿ ಸ್ಕೂಲಿಗೆ ಫೀಸಿಲ್ಲ. ಬೆಂಗಳೂರಿನ ಟ್ರಾಫಿಕ್ಕಲ್ಲಿ ಕಳೆಯೋ ಸಂಜೆಗಳು ಅಲ್ಲಿ ಮಗಳಿಗೆ ಸಿಗತ್ತೆ, ನನಗೆ ಇದೇ ದೊಡ್ಡದು ಅನ್ಸತ್ತೆ. ಆದ್ರೆ ಜುಲೈ ಮಳೆಯಲ್ಲಿ ಮರ ಬಿದ್ದು ನಾಲ್ಕು ದಿನ ಕರೆಂಟಿಲ್ದೆ ಅಮ್ಮ ಫೋನಿಗೂ ಸಿಗದಿದ್ದಾಗ ನೋಡ್ಕೊಳ್ಳೋರು ಯಾರು ಅಂತ ಈಗ್ಲೇ ಯೋಚಿಸಿ.

ಇನ್ನು ಆ ಎರಡೆಕರೆ. ಇದು ತುಂಬಾ ಜನಕ್ಕೆ ಗೊತ್ತಿರಲ್ಲ, ಫೆಮಾ ಅಂದ್ರೆ ವಿದೇಶಿ ವಿನಿಮಯ ಕಾನೂನಿನ ನಿಯಮದ ಪ್ರಕಾರ ಎನ್‌ಆರ್‌ಐಗಳು ಇಲ್ಲಿ ಕೃಷಿ ಜಮೀನಾಗ್ಲಿ ಪ್ಲಾಂಟೇಷನ್ ಆಗ್ಲಿ ಕೊಂಡುಕೊಳ್ಳೋ ಹಾಗಿಲ್ಲ, ಮನೆ, ಫ್ಲ್ಯಾಟ್ ಅಂಥದ್ದು ತಗೋಬಹುದು. ಅಪ್ಪನಿಂದ ಪಿತ್ರಾರ್ಜಿತವಾಗಿ ಬಂದ್ರೆ ತೊಂದ್ರೆ ಇಲ್ಲ, ಇಲ್ಲಿದ್ದಾಗ ತಗೊಂಡಿದ್ದನ್ನೂ ಇಟ್ಕೋಬಹುದು. ಹಾಗಾಗಿ ಮಾರೋರು ಈಗ ರೆಡಿ ಇದ್ರೆ ಹೊರಡೋ ಮುಂಚೆನೇ ರಿಜಿಸ್ಟ್ರೇಷನ್ ಮುಗಿಸಿ, ಇಲ್ಲಾಂದ್ರೆ ಅಪ್ಪನೇ ಅವರ ಹೆಸರಲ್ಲಿ ತಗೊಳ್ಳಲಿ, ನೀವು ದುಡ್ಡು ಕೊಡೋದಾದ್ರೆ ಹೇಗೆ ಅಂತ ಆಡಿಟರ್‌ನ ಒಂದ್ಸಲ ಕೇಳಿ. ಜಮ್ಮಾ ಜಾಗ (ಕೊಡಗಲ್ಲಿ ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬರೋ ಜಮೀನು) ಆಗಿದ್ರೆ ಪಟ್ಟೇದಾರರು, ಅಂದ್ರೆ ಕುಟುಂಬದ ಪರವಾಗಿ ದಾಖಲೆಯಲ್ಲಿ ಹೆಸರಿರೋರು ಯಾರು, ಕುಟುಂಬದವರೆಲ್ಲರ ಒಪ್ಪಿಗೆ ಇದ್ಯಾ ಅಂತ ವಕೀಲರ ಹತ್ರ ನೋಡಿಸದೆ ಅಡ್ವಾನ್ಸ್ ಕೊಡ್ಬೇಡಿ.