ಓದುಗರ ಪ್ರಶ್ನೆ: ಮುದ್ದೆ ಉಂಡರೂ ರಕ್ತ ಕಡಿಮೆಯೇಕೆ?

ಪ್ರಶ್ನೆ: ದಿನಕ್ಕೆರಡು ಹೊತ್ತು ರಾಗಿಮುದ್ದೆ ಉಣ್ಣುವ ಮನೆ ನಮ್ಮದು. ಆದರೂ ಐದು ತಿಂಗಳ ಬಸುರಿ ಸೊಸೆಗೆ ಹಿಮೋಗ್ಲೋಬಿನ್ 9 ಅಂತ ಬಂದಿದೆ. ಕಬ್ಬಿಣದ ಮಾತ್ರೆ ತಿಂದರೆ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂದು ಬಿಟ್ಟಿದ್ದಾಳೆ.
– ಗೃಹಿಣಿ, ಮಾಗಡಿ ತಾಲ್ಲೂಕು

ಉತ್ತರ: ರಾಗಿಯ ಹೆಚ್ಚುಗಾರಿಕೆ ಸುಣ್ಣದಂಶದ್ದು: 100 ಗ್ರಾಂನಲ್ಲಿ 300 ಮಿಲಿಗ್ರಾಂ ಮೀರಿ. ಕಬ್ಬಿಣ ಇರುವುದು 4 ಮಿಲಿಗ್ರಾಂ ಆಸುಪಾಸು. ಅದರಲ್ಲೂ ಬಹುಪಾಲನ್ನು ಕಾಳಿನಲ್ಲಿರುವ ಫೈಟೇಟ್, ಟ್ಯಾನಿನ್ ಎಂಬ ಅಂಶಗಳು ಮೈಗೆ ಹತ್ತದಂತೆ ಹಿಡಿದಿಟ್ಟುಕೊಳ್ಳುತ್ತವೆ. ಊಟದ ಬೆನ್ನಿಗೇ ಟೀ ಕುಡಿದರೆ ಸಿಗುವ ಅಷ್ಟಿಷ್ಟಕ್ಕೂ ಕಲ್ಲು. ಟೀಗೂ ಊಟಕ್ಕೂ ಒಂದು ಗಂಟೆಯಾದರೂ ಬಿಡುವಿರಲಿ. ಸೊಪ್ಪಿನ ಸಾರಿಗೆ ನಿಂಬೆರಸವನ್ನು ಇಳಿಸಿದ ಮೇಲೆ, ತಟ್ಟೆಯಲ್ಲೇ ಹಿಂಡಿ. ಕಬ್ಬಿಣ ಮೈಗೆ ಹತ್ತಲು ನೆರವಾಗುವ ಸಿ ಜೀವಸತ್ವ ಕುದಿಸಿದರೆ ಹಾಳಾಗುತ್ತದೆ.

ರಾಗಿಯನ್ನು ಮೊಳಕೆ ಕಟ್ಟಿದರೆ ಫೈಟೇಟ್ ಇಳಿಯುತ್ತದೆ. 12 ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಒಂದೂವರೆ ದಿನ ಇಡಿ. ಬಿಗಿದು ಕಟ್ಟಿದರೆ ಗಾಳಿಯಾಡದೆ ಹುಳಿವಾಸನೆ ಬರುತ್ತದೆ. ಒಣಗಿಸಿ, ಹದವಾಗಿ ಹುರಿದು ಬೀಸಿ. ಈ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋಗಬೇಡಿ: ಮೊಳಕೆಯೊಡೆದಾಗ ಪಿಷ್ಟ ಒಡೆದಿರುತ್ತದೆ, ಬೇಯಿಸಿದರೆ ನೀರಾಗುತ್ತದೆ. ಗಂಜಿಗೆ ಮಾತ್ರ ಇಡಿ.

ಆದರೆ 9ನ್ನು ಅಡುಗೆಮನೆಯಿಂದಲೇ ಏರಿಸಲಾಗದು. ಬಸುರಿಯರಿಗೆ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. 7ಕ್ಕಿಂತ ಇಳಿದರೆ ಆಸ್ಪತ್ರೆಗೇ ಹೋಗಬೇಕು. ಮಲ ಕಪ್ಪಾಗುವುದು ಮಾತ್ರೆಯ ಗುಣ, ಹೆದರಬೇಕಿಲ್ಲ. ಹೊಟ್ಟೆ ತೊಳಸಿದರೆ ರಾತ್ರಿ ಊಟವಾದ ಮೇಲೆ, ಮಲಗುವ ಮುನ್ನ ನುಂಗಲಿ. ಕ್ಯಾಲ್ಸಿಯಂ ಮಾತ್ರೆಯನ್ನು ಜೊತೆಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ದಿನಕ್ಕೆ ಒಂದೋ ಎರಡೋ ಎಂಬುದನ್ನೂ, ಜಂತುಹುಳುವಿನ ಮಾತ್ರೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಹೇಳಲಿ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ತಪ್ಪಿಸಬೇಡಿ. ಅಂಗನವಾಡಿಯಲ್ಲಿ ಬಸುರಿಯರಿಗೆ ಮಾತೃಪೂರ್ಣ ಯೋಜನೆಯ ಬಿಸಿಯೂಟವಿದೆ, ಹೆಸರು ಬರೆಸಿದ್ದೀರಾ?

ಪ್ರಶ್ನೆ: ಹಿತ್ತಲಲ್ಲಿ 10×20 ಅಡಿ ಜಾಗವಿದೆ, ಬಚ್ಚಲ ನೀರಿದೆ. ಹರಿವೆ ಬಿತ್ತಿದರೆ ಸರಿಯಾಗಿ ಹುಟ್ಟುವುದೇ ಇಲ್ಲ.
– ಆಶಾ ಕಾರ್ಯಕರ್ತೆ, ಹೊಸಕೋಟೆ

ಉತ್ತರ: ಬೀಜ ಆಳಕ್ಕೆ ಹೋಗಿರಬೇಕು, ಇಲ್ಲವೇ ಇರುವೆ ಹೊತ್ತಿರಬೇಕು. ಒಂದು ಪಾಲು ಬೀಜಕ್ಕೆ ಹತ್ತು ಪಾಲು ಮರಳು ಬೆರೆಸಿ ಚೆಲ್ಲಿ, ಮೇಲೆ ಜರಡಿ ಹಿಡಿದ ಗೊಬ್ಬರ ತೆಳ್ಳಗೆ ಉದುರಿಸಿದರೆ ಸಾಕು. ಇರುವೆ ಕಾಟವಿದ್ದರೆ ಸುತ್ತ ಅಕ್ಕಿಹಿಟ್ಟು ಉದುರಿಸಿ, ಅವು ಅದರ ಹಿಂದೆ ಹೋಗುತ್ತವೆ. ಪಾತಿ ಮೂರಡಿ ಅಗಲ ಮೀರದಿರಲಿ, ಕೈ ನಡುವಿಗೆ ಎಟುಕಬೇಕು. ಎಲ್ಲ ಪಾತಿಗೂ ಒಂದೇ ದಿನ ಬಿತ್ತಬೇಡಿ; ಹತ್ತು ದಿನಕ್ಕೊಂದರಂತೆ ಬಿತ್ತಿದರೆ ಸೊಪ್ಪು ಸಾಲುಹಿಡಿದು ಬರುತ್ತದೆ. ಹರಿವೆ 25-30 ದಿನಕ್ಕೆ ಕೊಯ್ಲಿಗೆ ಸಿಗುತ್ತದೆ. ಒಂದು ನುಗ್ಗೆ ಇರಲೇಬೇಕು. ಉತ್ತರದ ಅಂಚಿನಲ್ಲಿ ನೆಟ್ಟರೆ ಪಾತಿಗೆ ನೆರಳು ಕಡಿಮೆ. ಮೂರಡಿಗೆ ತುದಿ ಚಿವುಟಿದರೆ ಎಲೆ ಕೈಗೆಟುಕುತ್ತದೆ. ಸೋಪಿನ ಬಚ್ಚಲ ನೀರು ಬಾಳೆ ಬುಡಕ್ಕೆ ಹೋಗಲಿ, ಸೊಪ್ಪಿನ ಮೇಲೆ ಬೇಡ. ಬೀಜ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಸಿಗುತ್ತದೆ.

ಪ್ರಶ್ನೆ: ರಾಗಿ ಹೊಲದಲ್ಲಿ ಅಕ್ಕಡಿ (ನಡುನಡುವೆ ಬೇರೆ ಬೆಳೆಯ ಸಾಲು) ಹಾಕಿದರೆ ರಾಗಿ ಇಳುವರಿ ಹೊಡೆಯುವುದಿಲ್ಲವೇ?
– ರೈತ, ದೊಡ್ಡಬಳ್ಳಾಪುರ

ಉತ್ತರ: ಎಂಟು ಸಾಲು ರಾಗಿಗೆ ಒಂದು ಸಾಲು ಅವರೆ ಹಾಕಿದರೆ ರಾಗಿಗೆ ಪೆಟ್ಟಿಲ್ಲ. ಸಾಲು ಹತ್ತಿರ ಬಂದರೆ ಅವರೆ ಬಳ್ಳಿ ಹಬ್ಬಿ ರಾಗಿಯನ್ನು ಮಲಗಿಸುತ್ತದೆ, ಆಗ ಖಂಡಿತ ನಷ್ಟ. ಊಟದ ಲೆಕ್ಕದಲ್ಲೂ ಅಕ್ಕಡಿ ಬೇಕು: ರಾಗಿಯಲ್ಲಿ ಕೊರತೆಯಾಗುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಅವರೆ, ತೊಗರಿಯಲ್ಲಿದೆ. ಸೊಗಡಿನ ಅವರೆಕಾಯನ್ನೆಲ್ಲ ಮಾರುಕಟ್ಟೆಗೆ ಕಳಿಸದೆ ಮನೆಗೂ ಉಳಿಸಿಕೊಳ್ಳಿ, ಒಣಗಿಸಿಟ್ಟರೆ ಬೇಸಿಗೆಗೂ ಆಗುತ್ತದೆ.