ಹುಲಿಗೆ ಯಾವ ವಾದ್ಯ ಕೊಡೋಣ?

ಪ್ರಶ್ನೆ: ನಾನು ಶಾಲೆಯಲ್ಲಿ ಟೀಚರ್. ವಾರ್ಷಿಕೋತ್ಸವಕ್ಕೆ 20 ಮಕ್ಕಳಿಂದ ‘ಗೋವಿನ ಹಾಡು’ ಹಾಡಿಸಬೇಕು. ಹಾರ್ಮೋನಿಯಂ, ತಬಲಾ, ಕೊಳಲು, ಕೀಬೋರ್ಡ್ ಇವೆ. ಕೀಬೋರ್ಡಿನ ರಿದಂ ಹಾಕಿದ ಕೂಡಲೇ ಮಕ್ಕಳು ತಪ್ಪುತ್ತಾರೆ. ಹುಲಿ ಬಂದಾಗ ಏನು ಬಾರಿಸಬೇಕು ಅನ್ನೋದೂ ಹೊಳೆಯುತ್ತಿಲ್ಲ. (ಓದುಗರೊಬ್ಬರು, ದಾವಣಗೆರೆ)

ಉತ್ತರ: ತಪ್ಪು ಮಕ್ಕಳದ್ದಲ್ಲ ಮೇಡಂ, ಕೀಬೋರ್ಡಿನದ್ದು. ಅದರೊಳಗಿನ ರಿದಂಗಳು ಹೆಚ್ಚಾಗಿ ನಾಲ್ಕರ ಲೆಕ್ಕದವು, ಈ ಹಾಡಿನ ಮಾತು ನಡೆಯೋದು ಏಳರಲ್ಲಿ. ತೊಡೆ ತಟ್ಟಿ ನೋಡಿ. ‘ಧರಣಿ’ ಮೂರು ಮಾತ್ರೆ, ‘ಮಂಡಲ’ ನಾಲ್ಕು. ತಕಿಟ, ತಕಧಿಮಿ. ಮುಂದೆ ‘ಮಧ್ಯ’ ಮತ್ತೆ ಮೂರು, ‘ದೊಳಗೆ’ ಕೂಡ ಮೂರೇ, ಆದರೆ ಕೊನೆಯ ಅಕ್ಷರವನ್ನು ಒಂದು ಮಾತ್ರೆ ಎಳೆದರೆ ನಾಲ್ಕಾಗುತ್ತದೆ, ಮಕ್ಕಳು ಯಾರೂ ಹೇಳಿಕೊಡದೆಯೇ ಅದನ್ನು ಎಳೆಯುತ್ತಾರೆ, ಗಮನಿಸಿದ್ದೀರಾ? ಕರ್ನಾಟಕ ಸಂಗೀತದವರು ಈ ಏಳರ ತಾಳಕ್ಕೆ ಮಿಶ್ರ ಛಾಪು ಅಂತಾರೆ. ನಿಮ್ಮ ತಬಲಾದವರಿಗೆ ‘ರೂಪಕ್’ ಅಂದರೆ ಸಾಕು. ರಿದಂ ಬಟನ್ ಮುಟ್ಟಲೇಬೇಡಿ. ನಾನೂ ಒಮ್ಮೆ ಮುಟ್ಟಿ, ಮೈಕ್ ಮುಂದೆ 12 ಮಕ್ಕಳ ಎದುರು ಬೆವತಿದ್ದೇನೆ.

ಇನ್ನು ವಾದ್ಯ. ಕಾಳಿಂಗ ಮಾವಿನ ಮರದ ಕೆಳಗೆ ಕೊಳಲೂದುತ್ತಾ ಹಸುಗಳನ್ನು ಕರೆಯುತ್ತಾನಲ್ಲ, ಕೊಳಲಿನ ಜಾಗ ಅದು, ಪದ್ಯದಲ್ಲೇ ಬರೆದಿದೆ. ಅದನ್ನು ಅಲ್ಲಿಗೇ ಇಟ್ಟುಕೊಳ್ಳಿ. ಮೊದಲಿನಿಂದ ಕೊನೆಯವರೆಗೂ ಊದಿಸಿದರೆ ಅವನು ಬಂದಾಗ ಏನೂ ಅನ್ನಿಸುವುದಿಲ್ಲ. ಹೆಸರು ಕೂಗುವ ಸಾಲನ್ನು ಒಬ್ಬ ಹುಡುಗ ಹಾಡಲಿ, ಒಂದೊಂದು ಹೆಸರಿಗೂ ಗುಂಪಿನ ಬೇರೆ ಬೇರೆ ಮೂಲೆಯಿಂದ ಓಗೊಡಲಿ.

ಹುಲಿ ಅಂದ ಕೂಡಲೇ ಎಲ್ಲರೂ ಡೋಲು ಬಡಿಯುತ್ತಾರೆ, ನಾನಾದರೆ ಬಡಿಯುವುದಿಲ್ಲ. ಈ ಹುಲಿ ಮಾತಾಡುತ್ತೆ, ಕಾಯುತ್ತೆ, ಕೊನೆಗೆ ಅಳುತ್ತೆ, ಹಸುವನ್ನು ಒಡಹುಟ್ಟಿದ ಅಕ್ಕ ಅನ್ನುತ್ತೆ. ಅದಕ್ಕೆ ಹಾರ್ಮೋನಿಯಂನ ಕೆಳಗಿನ ಸಾ ಒಂದನ್ನೇ ಒತ್ತಿ ಹಿಡಿದರೆ ಸಾಕು. ಹಸು ವಾಪಸ್ ಬಂದು ‘ತಗೋ, ತಿನ್ನು’ ಅನ್ನುವಾಗ ಆ ಸಾ ಕೂಡ ನಿಲ್ಲಲಿ, ತಬಲಾ ನಿಲ್ಲಲಿ, ಒಂದೇ ಒಂದು ದನಿ ಉಳಿಯಲಿ. ತಬ್ಬಲಿ ಕರುವನ್ನು ನೋಡಿಕೊಳ್ಳಿ ಅಂತ ಬೇರೆ ಹಸುಗಳಿಗೆ ಒಪ್ಪಿಸುವ ಜಾಗ ಇದೆಯಲ್ಲ, ಅಲ್ಲಿ ಮಾತ್ರ ಎಲ್ಲ ಮಕ್ಕಳೂ ಸೇರಲಿ, ಮೆಲ್ಲಗೆ.

ಪ್ರಶ್ನೆ: ಒಂದು ಪ್ರಾಣಿಗೆ ಒಂದು ವಾದ್ಯ ಅಂತ ಹಂಚುವುದು ಸುಲಭ ಅಲ್ವಾ? (ಇನ್ನೊಬ್ಬರು, ಶಿರಸಿ)

ಉತ್ತರ: ಸುಲಭ ಹೌದು. ರಷ್ಯಾದ ಸಂಗೀತ ಸಂಯೋಜಕ ಪ್ರೊಕೋಫೀವ್ 1936ರಲ್ಲಿ ‘ಪೀಟರ್ ಮತ್ತು ತೋಳ’ವನ್ನು ಹಾಗೇ ಕಟ್ಟಿದರು. ಹಕ್ಕಿಗೆ ಕೊಳಲು, ಬಾತುಕೋಳಿಗೆ ಓಬೋ, ಬೆಕ್ಕಿಗೆ ಕ್ಲಾರಿನೆಟ್, ತೋಳಕ್ಕೆ ಮೂರು ಹಾರ್ನ್. ಆದರೆ ಅಲ್ಲಿ ಕಥೆ ಹೇಳೋಕೆ ಬೇರೆ ಒಬ್ಬರಿರುತ್ತಾರೆ, ಯಾರೂ ಹಾಡುವುದಿಲ್ಲ. ಮಕ್ಕಳು ಹಾಡುವಾಗ ವಾದ್ಯವೂ ಅದೇ ಪಾತ್ರ ಮಾಡಿದರೆ ಒಂದರ ಮೇಲೊಂದು ಬೀಳುತ್ತೆ.

ನನಗೆ ಇಷ್ಟ ಅದೇ ರಷ್ಯಾದ ಇನ್ನೊಬ್ಬ ಸಂಯೋಜಕ ಸ್ಟ್ರಾವಿನ್ಸ್ಕಿಯ ನರಿಯ ಕಥೆ, ‘ರೆನಾರ್’. 1916ರಲ್ಲಿ ಬರೆದದ್ದು, ಆಡಿದ್ದು 1922ರಲ್ಲಿ, ಪ್ಯಾರಿಸ್ಸಿನಲ್ಲಿ. ನರಿ ಹುಂಜವನ್ನು ಮಾತಿನಲ್ಲಿ ಮರುಳು ಮಾಡಿ ಹಿಡಿಯುತ್ತೆ, ಬೆಕ್ಕೂ ಟಗರೂ ಬಂದು ಬಿಡಿಸುತ್ತವೆ. ನಾಲ್ಕು ಗಂಡಸರು ವಾದ್ಯದವರ ಜೊತೆ ಕೂತು ಹಾಡುತ್ತಾರೆ, ಕುಣಿಯುವವರು ಬೇರೆ. ನಿಮ್ಮ ಶಿರಸಿಯವರಿಗೆ ಇದನ್ನು ವಿವರಿಸಬೇಕಾ? ಯಕ್ಷಗಾನದಲ್ಲಿ ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತೆ. ಚೆನ್ನಾಗಿ ಹಾಡುವ ನಾಲ್ವರನ್ನು ಪಕ್ಕದಲ್ಲಿ ಕೂರಿಸಿ, ಓಡಾಡುವ ಮಕ್ಕಳು ಸುಮ್ನೆ ಓಡಾಡಲಿ, ಏದುಸಿರಿನಲ್ಲಿ ಹಾಡೋ ಕಷ್ಟ ಅವರಿಗೆ ಬೇಡ.

ಪ್ರಶ್ನೆ: ಶ್ರುತಿ ಎಷ್ಟು ಇಡಲಿ?

ಉತ್ತರ: ಚಿಕ್ಕ ಮಕ್ಕಳಿಗೆ ಐದರಿಂದ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆಯನ್ನು (G) ಸಾ ಮಾಡಿಕೊಂಡು ಶುರು ಮಾಡಿ, ಕಿರುಚಿದ ಹಾಗೆ ಕೇಳಿಸಿದರೆ ನಾಲ್ಕೂವರೆಗೆ, ಅದರ ಕೆಳಗಿನ ಕಪ್ಪು ಮನೆಗೆ ಇಳಿಸಿ. ಗೊತ್ತು ಮಾಡಿಕೊಂಡ ಮೇಲೆ ಕೊಳಲಿನವರಿಗೆ ವಾರ ಮೊದಲೇ ಹೇಳಿ. ಅವರು ಅದೇ ಶ್ರುತಿಯ ಕೊಳಲು ಹುಡುಕಬೇಕು.