ಸವಳು ನೆಲಕ್ಕೆ ಮೊದಲು ಬಸಿಗಾಲುವೆ

ಪ್ರಶ್ನೆ: ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ 4 ಎಕರೆ ಎರೆಹೊಲವಿದೆ. ವರ್ಷಕ್ಕೆ ಎರಡು ಭತ್ತ. ತಗ್ಗಿನ ಒಂದು ಎಕರೆಯಲ್ಲಿ ಬೇಸಿಗೆಗೆ ಬಿಳಿ ಪುಡಿ ಮೇಲೇಳುತ್ತದೆ, ನಾಟಿ ಸಸಿಯ ತುದಿ ಸುಡುತ್ತದೆ. ಎರಡು ವರ್ಷ ಜಿಪ್ಸಂ ಹಾಕಿಯೂ ಪ್ರಯೋಜನವಿಲ್ಲ. ಹಸಿರೆಲೆ ಗೊಬ್ಬರದ ಬೆಳೆ ಡಯಂಚ ಬಿತ್ತಿದರೆ ಸರಿಹೋದೀತೆ?
— ಸಿಂಧನೂರು ತಾಲ್ಲೂಕಿನ ಓದುಗರು

ಉತ್ತರ: ಬಿತ್ತಿ, ಆದರೆ ಅದು ಎರಡನೇ ಕೆಲಸ. ಬಿಳಿ ಪುಡಿ ಕರಗುವ ಉಪ್ಪು, ಅದನ್ನು ಜಿಪ್ಸಂ ತೆಗೆಯುವುದಿಲ್ಲ. ಮಣ್ಣಿನ ಕಣಕ್ಕೆ ಸೋಡಿಯಂ ಅಂಟಿದ್ದರೆ ಮಾತ್ರ ಜಿಪ್ಸಂ ಬೇಕು. ಗುರುತಿಸಲು ಬಟಾಣಿ ಗಾತ್ರದ ಒಣ ಹೆಂಟೆಯನ್ನು ಮಳೆನೀರಿನ ಲೋಟಕ್ಕೆ ಬಿಟ್ಟು ಎರಡು ತಾಸು ಅಲುಗಿಸದಿರಿ. ಹೆಂಟೆಯ ಸುತ್ತ ಹಾಲಿನಂತೆ ಕದಡಿದರೆ ಸೋಡಿಯಂ ಇದೆ. ಬೋರ್‌ವೆಲ್ ನೀರಲ್ಲಿ ಈ ಪರೀಕ್ಷೆ ನಡೆಯದು, ಅದರ ಉಪ್ಪೇ ಕದಡುವುದನ್ನು ತಡೆಯುತ್ತದೆ. ಅದೇ ಕಾರಣಕ್ಕೆ ಉಪ್ಪು, ಸೋಡಿಯಂ ಎರಡೂ ಇರುವ ಮಣ್ಣೂ ತಿಳಿಯಾಗಿ ಕಂಡು ಮೋಸ ಮಾಡುತ್ತದೆ. ಅಂಥ ಹೊಲವನ್ನು ಜಿಪ್ಸಂ ಇಲ್ಲದೆ ತೊಳೆದರೆ ನೆಲ ಕಲ್ಲಾಗುತ್ತದೆ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಜಿಪ್ಸಂ ಪ್ರಮಾಣವನ್ನು ಆ ಚೀಟಿಯ ಪ್ರಕಾರವೇ ಹಾಕಿ.

ಮುಖ್ಯ ಕೆಲಸ ಬಸಿಗಾಲುವೆ, ಅಂದರೆ ನೆಲದಲ್ಲಿ ನಿಂತ ನೀರನ್ನೂ ಉಪ್ಪನ್ನೂ ಹೊರಗೆ ಬಸಿಯುವ ಕಾಲುವೆ. ತಗ್ಗಿನ ಅಂಚಿಗೆ 3ರಿಂದ 4 ಅಡಿ ಆಳ ತೆಗೆದು ಹಳ್ಳಕ್ಕೆ ಸೇರಿಸಿ. ನಡುವೆ ಬೇರೆಯವರ ಹೊಲ ಬರುತ್ತದೆ, ಬಹುತೇಕ ಕಡೆ ಕೆಲಸ ನಿಲ್ಲುವುದೇ ಅಲ್ಲಿ. ಆದರೆ ಮೇಲಿನ ಗದ್ದೆಗಳ ಜಿನುಗು ನೀರು ನಿಮ್ಮ ತಗ್ಗಿಗೇ ಇಳಿಯುವಾಗ ಒಬ್ಬರೇ ತೋಡಿ ಏನೂ ಆಗದು, ಅಕ್ಕಪಕ್ಕದವರನ್ನು ಕೂಡಿಸಿಕೊಂಡೇ ಶುರು ಮಾಡಿ. ತುಂಗಭದ್ರಾ ಯೋಜನೆಯ ಬಹುಪಾಲು ಜಮೀನನ್ನು ಜೋಳ, ಹತ್ತಿಯಂಥ ಅರೆನೀರಾವರಿ ಬೆಳೆಗೆಂದೇ ಗುರುತಿಸಿದ್ದು. ಭತ್ತ ಆಮೇಲೆ ಹಬ್ಬಿತು ಎಂಬುದನ್ನೂ ಆ ಮಾತುಕತೆಯಲ್ಲಿ ನೆನಪಿಸಬಹುದು.

ಕಾಲುವೆ ನೀರು ಬಂದಾಗ ಮಡಿಯಲ್ಲಿ 4 ಇಂಚು ನಿಲ್ಲಿಸಿ, ಕೆಳಕ್ಕೆ ಇಂಗಲು ಬಿಡಿ, ಮತ್ತೆ ತುಂಬಿ. ಮೇಲಿಂದ ಹರಿಸಿಬಿಟ್ಟರೆ ಬೇರಿನ ಬುಡದ ಉಪ್ಪು ಅಲ್ಲೇ ಉಳಿಯುತ್ತದೆ.

ಮುಂದಿನ ಮುಂಗಾರಿಗೆ ಎಕರೆಗೆ 20 ಕಿಲೋ ಡಯಂಚ ಚೆಲ್ಲಿ. 45 ದಿನದೊಳಗೆ, ಹೂ ಬಿಡುವ ಮುಂಚೆ ಮಣ್ಣಿಗೆ ಸೇರಿಸಿ. ತಡವಾದರೆ ದಂಟು ಕಟ್ಟಿಗೆಯಾಗಿ ರೋಟವೇಟರ್‌ಗೆ ಸುತ್ತಿಕೊಳ್ಳುತ್ತದೆ, ಬೇಗ ಕೊಳೆಯುವುದೂ ಇಲ್ಲ. ಬೇಸಿಗೆಯಲ್ಲಿ ಆ ಎಕರೆಯನ್ನು ಬರಿದಾಗಿ ಬಿಡಬೇಡಿ: ಬಿಸಿಲು ನೀರನ್ನೆಳೆದಂತೆ ಉಪ್ಪೂ ಮೇಲೇರುತ್ತದೆ. ಭತ್ತದ ಹುಲ್ಲನ್ನು ಸುಡದೆ ಹೊದಿಸಿ.

ಪ್ರಶ್ನೆ: ಮಳೆಯಾಶ್ರಿತ ಎರೆಹೊಲ, ಹಿಂಗಾರಿ ಜೋಳ. ಮುಂಗಾರು ಮಳೆಯೆಲ್ಲ ಹರಿದುಹೋಗುತ್ತದೆ. ಏನು ಮಾಡಲಿ?
— ಕುಷ್ಟಗಿ ತಾಲ್ಲೂಕಿನ ಓದುಗರು

ಉತ್ತರ: ಜೂನ್‌ನಲ್ಲೇ ಚೌಕು ಮಡಿ ಹಾಕಿ, ಅಂದರೆ ಸಣ್ಣ ಬದು ಕಟ್ಟಿ ಹೊಲವನ್ನು ಚೌಕಗಳಾಗಿ ಮಾಡಿ ಮಳೆನೀರು ನಿಲ್ಲಿಸಿ. ಅಳತೆ ಸುಮಾರು 15 ಅಡಿ ಚೌಕ, ಇಳಿಜಾರು ಹೆಚ್ಚಿದ್ದರೆ 10 ಅಡಿ. ಒಂದು ಮಡಿ ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ, ಹಾಗಾಗಿ ದೊಡ್ಡ ಮಳೆಯ ಮರುದಿನ ಸುತ್ತಾಡಿ ಮುಚ್ಚಿ. ಸೆಪ್ಟೆಂಬರ್‌ನಲ್ಲಿ ಕುಂಟೆ ಹೊಡೆದು ಬಿತ್ತಿ.

ಪ್ರಶ್ನೆ: ಜೀವಾಮೃತವೊಂದೇ ಸಾಕೆ?
— ಸಿರುಗುಪ್ಪದ ಓದುಗರು

ಉತ್ತರ: ಸಾಲದು. ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ ಆ ದ್ರಾವಣ ಹೆಪ್ಪಿನಂತೆ, ಹಾಲೇ ಇಲ್ಲದೆ ಹೆಪ್ಪು ಹಾಕಿದರೆ ಮೊಸರಾಗದು. ಮೊದಲು ನೆಲಕ್ಕೆ ಹುಲ್ಲು, ಸೊಪ್ಪು, ಕೊಟ್ಟಿಗೆ ಗೊಬ್ಬರ ಕೊಡಿ.